ಲಿಪ್‌ಸ್ಟಿಕ್ಕಿನ ಲೆಕ್ಕ ಯಾರು ಕೊಡಬೇಕು?

ಹಾನಗಲ್ಲಿನ ಚಹದ ಅಂಗಡಿಯೊಂದರ ಬಾಕಿನ ಮೇಲೆ ಕುಳಿತು ಕೆಲವು ಮಹನೀಯರು ದಿನವೂ ಒಂದೇ ತೀರ್ಪನ್ನು ಓದುತ್ತಾರೆ. ಸರಕಾರ ಹೆಂಗಸರ ಖಾತೆಗೆ ಹಾಕುವ ಗೃಹಲಕ್ಷ್ಮಿಯ 2,000 ರೂಪಾಯಿ ಲಿಪ್‌ಸ್ಟಿಕ್ಕಿಗೆ ಹೋಗುತ್ತದೆ. ಪುಕ್ಕಟೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಅದನ್ನೇ ಕೊಂಡು ತರುತ್ತಾರೆ. ಸಂಸಾರಗಳು ಕೆಡುತ್ತಿರುವುದು ಇದರಿಂದಲೇ. ತೀರ್ಪು ಕೊಡುವವರ ಬಾಯಲ್ಲಿ ಅಡಿಕೆ, ತಂಬಾಕು. ಅವರ ತುಟಿಗಳು ಯಾವ ಲಿಪ್‌ಸ್ಟಿಕ್ಕಿಗೂ ಸೋಲದಷ್ಟು ಕೆಂಪಾಗಿರುತ್ತವೆ. ಆ ಕೆಂಪಿಗೆ ತಿಂಗಳಿಗೆ ಎಷ್ಟು ಖರ್ಚೆಂದು ಅವರನ್ನು ಯಾರೂ ಕೇಳಿದ್ದಿಲ್ಲ.

ನಾವು ಕೇಳುತ್ತೇವೆ. ಆದರೆ ಅನ್ಯರ ಲೆಕ್ಕ ಕೇಳುವ ಮೊದಲು ನಮ್ಮ ಲೆಕ್ಕವನ್ನು ಮುಂದಿಡುವುದು ನ್ಯಾಯ. ನಾವೂ ಹೆಂಗಸರೇ. ಪಕ್ಷದ ಕೆಲಸಕ್ಕೆ ಇಳಿಯುವ ಮೊದಲು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ, ಬೆಲೆಲೆಕ್ಕ ಕಲಿಸಿದವರು. ಮೊನ್ನೆ ಗೋಡೆಗೆ ಸುಣ್ಣ ಹೊಡೆಸುವಾಗ ಟ್ರಂಕಿನ ಅಡಿಯಿಂದ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದು ಹೊರಬಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಹನ್ನೊಂದು ಲಿಪ್‌ಸ್ಟಿಕ್‌ಗಳು! ಎರಡರ ಮೇಲಿನ ಹೊದಿಕೆ ಇನ್ನೂ ಹರಿದಿರಲಿಲ್ಲ. ಮೂರು ಹೆಚ್ಚುಕಡಿಮೆ ಒಂದೇ ಬಣ್ಣದವು. ಒಂದು ಇದೆಯೆಂಬುದನ್ನು ಮರೆತು ಇನ್ನೊಂದು, ಅದನ್ನೂ ಮರೆತು ಮತ್ತೊಂದು ಕೊಂಡದ್ದು. ಒಂದು ಯಾರೋ ಉಡಿ ತುಂಬುವಾಗ ಕೊಟ್ಟದ್ದು. ಒಂದು ಮಾತ್ರ ತಳ ಕಂಡಿತ್ತು. ಲೆಕ್ಕ ಕಲಿಸಿದವರ ಮನೆಯ ಲೆಕ್ಕ ಇದು. ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ನಾಚಿಕೆಯನ್ನು ಹಂಚಿಕೊಂಡರೆ ಕಡಿಮೆಯಾದೀತೆಂದು ನೆರೆಮನೆಯವರನ್ನು ಕೇಳಿದೆವು. ನಗುತ್ತ ನಗುತ್ತ ಒಬ್ಬೊಬ್ಬರೇ ತಮ್ಮ ಡಬ್ಬಿ ತಂದರು. ನಾಲ್ಕು ಮನೆಯಲ್ಲೂ ಅದೇ ಕತೆ. ಅವರಲ್ಲಿ ಒಬ್ಬಳು ಬೇರೆಯವರ ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗುವವಳು. ಆಕೆಯ ಹತ್ತಿರವೂ ಐದು.

"ಯಾಕವ್ವಾ, ತಗೊಂಡ ಮ್ಯಾಲೆ ಹಚ್ಚಿಕೊಳ್ಳಾಕ ಏನಾತು?" ಎಂದೆವು.

"ಅಯ್ಯ ಅಕ್ಕೋರ, ಹಚ್ಚಿಕೊಂಡು ಎಲ್ಲಿಗಿ ಹೋಗ್ಲಿ? ನಳದ ಕಡೆ ಹೋದ್ರ ನಗ್ತಾರ. ಲಗ್ನಕ್ಕ ಹೋದ್ರ ಅತ್ತಿ ಕಣ್ಣು ಬಿಟ್ಟು ನೋಡ್ತಾಳ. ಕೂಲಿಗೆ ಹಚ್ಚಿಕೊಂಡು ಹೋದ್ರ ಹೊಲದ ಧಣಿ ಏನಂದಾನು?" ಎಂದಳು.

ಓದುಗರೇ, ಈ ಮಾತಿನಲ್ಲಿ ಸಂಗತಿಯೆಲ್ಲ ಅಡಗಿದೆ. ಕೊಂಡುಕೋ ಎಂದು ದಿನಕ್ಕೆ ಹತ್ತು ಸಲ ಅಪ್ಪಣೆ ಮಾಡುವವನು ಒಬ್ಬ. ಹಚ್ಚಿಕೊಂಡೆಯಾದರೆ ನೋಡು ಎಂದು ಗದರುವವನು ಇನ್ನೊಬ್ಬ. ಇಬ್ಬರ ಅಪ್ಪಣೆಯನ್ನೂ ಪಾಲಿಸಬೇಕಾದ ಹೆಣ್ಣುಮಗಳು ಏನು ಮಾಡಬೇಕು? ಕೊಳ್ಳುತ್ತಾಳೆ, ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ. ಡಬ್ಬಿ ತುಂಬುತ್ತದೆ. ಚಹದ ಅಂಗಡಿಯ ನ್ಯಾಯಾಧೀಶರು ಕೊಂಡದ್ದಕ್ಕೆ ಬೈಯುತ್ತಾರೆ. ಹಚ್ಚಿಕೊಳ್ಳಲು ಬಿಡದವರೂ ತಾವೇ ಎಂಬುದು ಮಾತ್ರ ಅವರಿಗೆ ನೆನಪಾಗುವುದಿಲ್ಲ.

ಮೊದಲನೆಯವನನ್ನು ವಿಚಾರಿಸೋಣ. ನಮ್ಮ ದೇಶದಲ್ಲಿ ಈ ಪದಾರ್ಥಕ್ಕೆ ಒಂದು ಸ್ವದೇಶಿ ಚರಿತ್ರೆಯೂ ಇದೆ. ಪರದೇಶದ ಸೌಂದರ್ಯ ಸಾಮಗ್ರಿಗೆ ವಿದೇಶಿ ಹಣ ಸೋರಿಹೋಗುವುದನ್ನು ತಡೆಯಬೇಕೆಂಬ ನೆಹರೂ ಸರಕಾರದ ಆಶಯದಿಂದ ಟಾಟಾದವರು 1952ರಲ್ಲಿ ಲ್ಯಾಕ್ಮೆ ಕಂಪನಿಯನ್ನು ಕಟ್ಟಿದರು. ಹೆಸರು ಫ್ರೆಂಚ್ ಸಂಗೀತ ನಾಟಕವೊಂದರಿಂದ ಬಂತು; ಆ ನಾಟಕದ ನಾಯಕಿಯ ಹೆಸರಾದರೋ ನಮ್ಮ ಲಕ್ಷ್ಮಿಯದೇ ತಿರುಚಿದ ರೂಪ. ದೇಶದ ಹಣ ದೇಶದಲ್ಲಿರಲಿ ಎಂದು ಹುಟ್ಟಿದ ಆ ಕಂಪನಿ 1990ರ ದಶಕದ ಕೊನೆಗೆ ಹಿಂದುಸ್ತಾನ್ ಲೀವರಿನ ಪಾಲಾಯಿತು. ಲಕ್ಷ್ಮಿ ಕಡಲು ದಾಟಿದ ಬಗೆ ಇದು! ಈಗಂತೂ ಪೇಟೆ ಅಂಗಡಿಯಿಂದ ಎದ್ದು ಅಂಗೈಗೇ ಬಂದು ಕುಳಿತಿದೆ. 2012ರಲ್ಲಿ ಆರಂಭವಾದ ನೈಕಾ ಕಂಪನಿ 2021ರಲ್ಲಿ ಷೇರುಪೇಟೆಗೆ ಇಳಿಯಿತು. ಹಿರೇಕೆರೂರಿನ ಹಳ್ಳಿಯ ಹುಡುಗಿ ರಾತ್ರಿ ಫೋನಿನ ಮೇಲೆ ಬೆರಳಾಡಿಸಿದರೆ ನಾಲ್ಕನೆಯ ದಿನ ಬೈಕಿನ ಹುಡುಗ ಬಾಗಿಲಿಗೆ ಬರುತ್ತಾನೆ. ಮೂರು ಕೊಂಡರೆ ಒಂದು ಪುಕ್ಕಟೆ, ಇಂದು ರಾತ್ರಿಯವರೆಗೆ ಮಾತ್ರ ಅರ್ಧ ಬೆಲೆ. ಬೇಕಾದದ್ದು ಒಂದು, ಬರುವುದು ನಾಲ್ಕು.

ಇದು ಆಕೆಯ ಚಪಲವೆಂದು ಹೇಳಿ ಕೈತೊಳೆದುಕೊಳ್ಳಬೇಡಿ. ಅಮೆರಿಕದ ದೊಡ್ಡ ಪ್ರಸಾಧನ ವ್ಯಾಪಾರಿ ಲಿಯೊನಾರ್ಡ್ ಲಾಡರ್ ಎಂಬವರು 2001ರ ಮುಗ್ಗಟ್ಟಿನ ಕಾಲದಲ್ಲಿ ಒಂದು ಮಾತು ಪ್ರಚಾರಕ್ಕೆ ತಂದರು: ಕಷ್ಟಕಾಲದಲ್ಲಿ ಲಿಪ್‌ಸ್ಟಿಕ್ಕಿನ ಮಾರಾಟ ಏರುತ್ತದೆ. ದೊಡ್ಡದು ಕೊಳ್ಳಲಾಗದವಳು ಚಿಕ್ಕದರಿಂದ ಸಮಾಧಾನಪಡುತ್ತಾಳೆ ಎಂಬುದು ಅವರ ಲೆಕ್ಕ. ಅದು ಎಲ್ಲ ಕಾಲಕ್ಕೂ ನಿಜವಲ್ಲವೆಂದು ಅರ್ಥಶಾಸ್ತ್ರಜ್ಞರು ವಾದಿಸಿದ್ದುಂಟು. ಆದರೆ 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ ವರ್ಷದಲ್ಲೂ ಶಿಗ್ಗಾವಿಯ ಬಳೆ ಅಂಗಡಿಗಳಲ್ಲಿ ಈ ಕೊಳವೆಗಳ ಸಾಲು ಕಡಿಮೆಯಾದದ್ದನ್ನು ನಾವು ಕಾಣಲಿಲ್ಲ. ಸೀರೆ ಬೇಡ, ಬೆಂಡೋಲೆ ದೂರದ ಮಾತು, ಇದೊಂದಾದರೂ ಇರಲಿ ಎಂದು ಕೈ ಚಾಚುವ ಬಡವಿಯನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ಅವಳ ದಣಿವನ್ನೇ ಬಂಡವಳ ಮಾಡಿಕೊಂಡವರ ಮೇಲೆ ಸಿಟ್ಟು ಬರುತ್ತದೆ.

ಎರಡನೆಯವನ ವಾದವೆಂದರೆ ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಪರಕೀಯರ ವೇಷ. ಅಂಥವರು ಒಮ್ಮೆ ಸವಣೂರಿಗೆ ಹೋಗಿ ಬರಲಿ. ಎಲೆಬಳ್ಳಿಯ ತೋಟಗಳಿಗೆ ಹೆಸರಾದ ಸೀಮೆ ಅದು. ಸವಣೂರಿನ ಎಲೆ ಒಂದು ಕಾಲಕ್ಕೆ ಪಾಕಿಸ್ತಾನದವರೆಗೂ ಹೋಗುತ್ತಿತ್ತು. ಆ ಎಲೆಗೆ ಸುಣ್ಣ ಸವರಿ, ಅಡಿಕೆ, ಕಾಚು ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡ ನಮ್ಮ ಅಜ್ಜಿಯರು ಕನ್ನಡಿಯ ಮುಂದೆ ನಾಲಗೆ ಚಾಚಿ, ತುಟಿ ಹೊರಳಿಸಿ, ಎಷ್ಟು ಕೆಂಪಾಯಿತೆಂದು ನೋಡಿಕೊಳ್ಳುತ್ತಿದ್ದರು. ಹೆಚ್ಚು ಕೆಂಪಾದವಳಿಗೆ ಗಂಡನ ಪ್ರೀತಿ ಹೆಚ್ಚು ಎಂಬ ಚೇಷ್ಟೆಯ ಮಾತೂ ಇತ್ತು. ತುಟಿಯ ಕೆಂಪು ನಮ್ಮದೇ. ಅದಕ್ಕೆ ಅಂದು ಡಬ್ಬಿ ತುಂಬುತ್ತಿರಲಿಲ್ಲ. ಎಲೆ ಬಾಡುವ ವಸ್ತುವಾದ್ದರಿಂದ ಇಂದಿನದು ಇಂದಿಗೇ ಮುಗಿಯುತ್ತಿತ್ತು, ಅಷ್ಟೇ.

ಇನ್ನು ಬೆಲೆಲೆಕ್ಕ. ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದರಿಂದ ತೆಗೆಯುವ ಕೆಂಪು ತೈಲ ಆಹಾರ ಪದಾರ್ಥಗಳಿಗಷ್ಟೇ ಅಲ್ಲದೆ ಉಗುರುಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಒಂದು ಟನ್ನು ಕಾಯಿಯಿಂದ ಸುಮಾರು 50 ಲೀಟರು ತೈಲ. ಸವಣೂರು, ಶಿಗ್ಗಾವಿ ಕಡೆಯ ರೈತ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋಗುತ್ತಾನೆ. ಕ್ವಿಂಟಲಿಗೆ 20,000 ರೂಪಾಯಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕಿಲೋಕ್ಕೆ 200 ಆಯಿತು. ಅವನ ಮಗಳು ಅದೇ ಪೇಟೆಯಲ್ಲಿ 300 ರೂಪಾಯಿ ಕೊಟ್ಟು ಕೊಳ್ಳುವ ಲಿಪ್‌ಸ್ಟಿಕ್ಕಿನಲ್ಲಿರುವುದು ಸುಮಾರು 4 ಗ್ರಾಂ. ಒಂದು ತೊಲೆಯ ಮೂರರಲ್ಲೊಂದು ಪಾಲು. ಗ್ರಾಮಿಗೆ 75, ಕಿಲೋಕ್ಕೆ 75,000! ಮೆಣಸಿನಕಾಯಿಯೇ ಲಿಪ್‌ಸ್ಟಿಕ್ ಆಗುವುದಿಲ್ಲವೆಂಬುದನ್ನು ನಾವು ಬಲ್ಲೆವು. ಅದರಲ್ಲಿ ಮೇಣವಿದೆ, ಔಡಲೆಣ್ಣೆಯಿದೆ. ಕೆಂಪು ಹೆಚ್ಚಾಗಿ ಕಾರಖಾನೆಯ ಬಣ್ಣವೇ. ಮಿಂಚಿಗೆ ಕಾಗೆಬಂಗಾರದ ಪುಡಿ. ಆ ಕಾಗೆಬಂಗಾರವನ್ನು ಝಾರ್ಖಂಡದ ಗುಡ್ಡಗಳಲ್ಲಿ ಮಕ್ಕಳ ಕೈಯಿಂದ ಆರಿಸಿದ ವರದಿಗಳು ಹಲವು ಸಲ ಬಂದಿವೆ. ಇಷ್ಟೆಲ್ಲ ಸೇರಿಸಿದರೂ ಕಿಲೋಕ್ಕೆ 75,000 ಎಲ್ಲಿಂದ ಬಂತು? ಕೊಳವೆಗೆ, ಪೆಟ್ಟಿಗೆಗೆ, ಸಿನಿಮಾ ತಾರೆಯ ಮುಗುಳುನಗೆಗೆ. ಅತ್ತ 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಬೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆ ವಾರ ಲಿಪ್‌ಸ್ಟಿಕ್ಕಿನ ಬೆಲೆ ಒಂದು ರೂಪಾಯಿಯಾದರೂ ಇಳಿಯಿತೇ?

ಸರಕಾರದ ಲೆಕ್ಕವೂ ನೋಡತಕ್ಕದ್ದೇ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಟಿಕಳಿ, ಸಿಂದೂರ, ಗಾಜಿನ ಬಳೆಗಳಿಗೆ ತೆರಿಗೆಯಿಲ್ಲವೆಂದರು. ಲಿಪ್‌ಸ್ಟಿಕ್ಕಿಗೆ ನೂರಕ್ಕೆ 28 ಹೇರಿ ಅದೇ ನವೆಂಬರಿನಲ್ಲಿ 18ಕ್ಕೆ ತಂದರು. 2025ರ ಸೆಪ್ಟೆಂಬರಿನಲ್ಲಿ ಗಂಡಸರ ದಾಡಿಯ ಸಾಬೂನು, ದಾಡಿಯಾದ ಮೇಲೆ ಸವರುವ ದ್ರವ ಎಲ್ಲ 5ಕ್ಕೆ ಇಳಿದವು. ತುಟಿಯ ಬಣ್ಣ 18ರಲ್ಲೇ ನಿಂತಿತು. ತೆರಿಗೆ ಇಳಿಸಿರಿ ಎಂದು ಮೊರೆಯಿಡಲು ನಾವು ಇದನ್ನು ಹೇಳುತ್ತಿಲ್ಲ. ಗಂಡಸಿನ ಗದ್ದ ನುಣ್ಣಗಿರುವುದು ಅವಶ್ಯಕತೆ, ಹೆಂಗಸಿನ ತುಟಿ ಕೆಂಪಾಗಿರುವುದು ವಿಲಾಸ ಎಂಬ ತೀರ್ಪು ಚಹದ ಅಂಗಡಿಯಿಂದ ದಿಲ್ಲಿಯವರೆಗೂ ಒಂದೇ ಆಗಿದೆಯಲ್ಲ, ಅದನ್ನು ತೋರಿಸಿದೆವು. 300 ರೂಪಾಯಿಯಲ್ಲಿ ಸುಮಾರು 46 ರೂಪಾಯಿ ಸರಕಾರದ್ದು. ಡಬ್ಬಿಯಲ್ಲಿ ಕೊಳೆಯುವ ಲಿಪ್‌ಸ್ಟಿಕ್ಕಿಗೂ ಅದು ಸಂದಾಯವಾಗಿಯೇ ಇದೆ.

ಹಾಗಾದರೆ ಏನು ಮಾಡೋಣ? ಇರುವುದನ್ನು ಮುಗಿಸೋಣ, ಮುಗಿಯುವವರೆಗೆ ಹೊಸದನ್ನು ಮನೆಯೊಳಗೆ ತರದಿರೋಣ. ವ್ಯಾಪಾರಿಗೆ ಇದಕ್ಕಿಂತ ಹೆಚ್ಚು ಚುರುಕು ಮುಟ್ಟಿಸುವ ಮಾತಿಲ್ಲ.

ಸೋದರಿಯರೇ, ಡಬ್ಬಿಯನ್ನು ಬೆಳಕಿಗೆ ತನ್ನಿರಿ. ದೀಪದ ಕೆಳಗೆ ಎಲ್ಲ ಕೆಂಪೂ ಒಂದೇ ಆಗಿ ಕಾಣುತ್ತದೆ, ಹಗಲಿನಲ್ಲಿ ಪಡಸಾಲೆಯ ಮೇಲೆ ಸುರಿಯಿರಿ. ಮೊದಲು ಮೂಗಿನ ಪರೀಕ್ಷೆ. ಲಿಪ್‌ಸ್ಟಿಕ್ಕಿನ ಒಡಲು ಮೇಣ ಮತ್ತು ಎಣ್ಣೆ. ಎಣ್ಣೆ ಕೆಟ್ಟರೆ ಹಳೆಯ ಕೊಬ್ಬರಿಯಂತೆ ಕಮಟು ವಾಸನೆ ಬರುತ್ತದೆ. ಅಂಥದ್ದನ್ನು ಎಷ್ಟೇ ದುಡ್ಡು ಕೊಟ್ಟಿದ್ದರೂ ಇಟ್ಟುಕೊಳ್ಳಬೇಡಿರಿ. ತುಟಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುವ ವಸ್ತು. ಬೂಸಲು ಕಂಡರೂ ಅಷ್ಟೇ. ಆದರೆ ಮೇಲೆ ಬೆವರಿನಂತೆ ಹನಿಗಳು ನಿಂತಿದ್ದು ವಾಸನೆ ಸರಿಯಿದ್ದರೆ ಹೆದರುವ ಕಾರಣವಿಲ್ಲ; ಸೆಕೆಗೆ ಎಣ್ಣೆ ಹೊರಬಂದಿರುತ್ತದೆ, ಅರಿವೆಯಿಂದ ಒರೆಸಿದರಾಯಿತು. ಬಿಳಿಯ ಪುಡಿಯಂತೆ ಕಂಡರೆ ಅದು ಮೇಣವೋ ಬೂಸಲೋ ಎಂದು ಬೆರಳಿನಿಂದ ಒತ್ತಿ ನೋಡಬೇಕು; ಮೇಣವಾದರೆ ಕರಗಿ ಮಾಯವಾಗುತ್ತದೆ. ನಮ್ಮ ಮನೆಗಳಿಗೆ ತಗಡಿನ ಮಾಡು, ಬೇಸಗೆಯಲ್ಲಿ ಟ್ರಂಕು ಒಲೆಯಂತೆ ಕಾಯುತ್ತದೆ. ಆದ್ದರಿಂದ ಡಬ್ಬಿಯನ್ನು ಟ್ರಂಕಿನಿಂದ ತೆಗೆದು ನೀರಿನ ಹರವಿಯ ಬದಿಯ ತಂಪು ಮೂಲೆಯಲ್ಲಿಡುವುದು ಮೇಲು. ತೆರೆದ ಮೇಲೆ ಒಂದೆರಡು ವರ್ಷ, ತೆರೆಯದಿದ್ದರೆ ಸುಮಾರು ಮೂರು ವರ್ಷ ಇದರ ಆಯುಷ್ಯ. ತಳದಲ್ಲಿ ಅಚ್ಚಾದ ತಾರೀಖನ್ನು ಓದಿರಿ. ಯಾವುದರ ಗಡುವು ಹತ್ತಿರವಿದೆಯೋ ಅದು ಮೊದಲು ಬಳಕೆಗೆ ಬರಲಿ. ನೆಲಗಡಲೆ ಚೀಲಗಳಲ್ಲಿ ಹಳೆಯದನ್ನು ಮೊದಲು ಬಿಚ್ಚುವುದು ನಮಗೆ ಹೊಸ ಪಾಠವೇನಲ್ಲ.

ಮುಗಿಯಿತೆಂದು ಎಸೆಯುವ ಕೊಳವೆಯನ್ನು ಒಮ್ಮೆ ಇಣುಕಿ ನೋಡಿರಿ. ಅಂಚಿನ ಕೆಳಗೆ, ಬಟ್ಟಲಿನಂಥ ಕುಳಿಯಲ್ಲಿ ಇನ್ನೂ ವಾರಗಟ್ಟಲೆ ಬರುವಷ್ಟು ಬಣ್ಣ ಕುಳಿತಿರುತ್ತದೆ. ಮದ್ದು ಮುರಿದು ಹಾಕಿದ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಅದನ್ನು ಕೆರೆದು ತೊಳೆದೊಣಗಿಸಿದ ಕುಂಕುಮದ ಭರಣಿಗೆ ತುಂಬಿರಿ. ಭರಣಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ಒಳಗೆ ನೀರಿನ ಹನಿ ಬೀಳಬಾರದು, ನೇರ ಬೆಂಕಿಗೆ ಹಿಡಿಯಬಾರದು. ಗಟ್ಟಿಯೆನಿಸಿದರೆ ಉಗುರಿನ ತುದಿಯಷ್ಟು ವ್ಯಾಸಲೀನು ಬೆರೆಸಿ ಆರಲು ಬಿಡಿ. ಹೀಗೆ ಮೂರು ನಾಲ್ಕು ತುಂಡುಗಳಿಂದ ಒಂದು ಹೊಸ ಬಣ್ಣವಾಗುತ್ತದೆ, ಯಾವ ಅಂಗಡಿಯಲ್ಲೂ ಸಿಗದ್ದು. ನಮ್ಮ ಮೂರು ಅವಳಿ ಕೆಂಪುಗಳು ಈ ದಾರಿಯಲ್ಲೇ ಹೋದವು. ಚೂರು ಬೆರಳಿಗೆ ತೆಗೆದುಕೊಂಡು ಗಲ್ಲಕ್ಕೆ ತೀಡಿದರೆ ಅದೂ ಒಂದು ಉಪಯೋಗ. ಕಣ್ಣಿನ ಹತ್ತಿರ ಮಾತ್ರ ಒಯ್ಯಬಾರದು. ತುಟಿಗೆ ಸಲ್ಲುವ ಬಣ್ಣಗಳೆಲ್ಲ ಕಣ್ಣಿಗೆ ಸಲ್ಲುವುದಿಲ್ಲ. (ಬ್ಯಾಡಗಿಯ ಕತೆ ಓದಿ ಯಾರಾದರೂ ಮೆಣಸಿನಕಾಯಿ ಅರೆದು ತುಟಿಗೆ ಹಚ್ಚಿಕೊಂಡಾರು! ಖಾರ ಕಡಿಮೆಯೆಂದರೆ ಖಾರವಿಲ್ಲವೆಂದಲ್ಲ.)

ಹೆಚ್ಚಿನವರ ಡಬ್ಬಿಯಲ್ಲಿ ಕೊಳೆಯುತ್ತಿರುವುದು ತಿಳಿಗುಲಾಬಿ ಬಣ್ಣ. ಕೊಂಡದ್ದೇಕೆ? ಭಿತ್ತಿಚಿತ್ರದ ಬೆಳ್ಳನೆಯ ಹೆಣ್ಣಿಗೆ ಅದು ಒಪ್ಪಿತ್ತು. ಬಿಟ್ಟದ್ದೇಕೆ? ನಮ್ಮ ಎಣ್ಣೆಗೆಂಪು, ಕಪ್ಪು ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಂಡಿತು. ಆಗ ಹುಡುಗಿ ಬಣ್ಣವನ್ನು ದೂರುವುದಿಲ್ಲ, ತನ್ನ ಮುಖವನ್ನೇ ದೂರುತ್ತಾಳೆ. ಲೋಹಿಯಾ ಅವರು ಸೌಂದರ್ಯ ಮತ್ತು ಮೈಬಣ್ಣವನ್ನು ಕುರಿತು ಬರೆದು, ಬಿಳಿಯೇ ಚೆಲುವೆಂಬ ಭ್ರಮೆ ರಾಜಕೀಯ ಪ್ರಭುತ್ವದಿಂದ ಬಂದದ್ದೆಂದು ತೋರಿಸಿ ಅರವತ್ತು ವರ್ಷಗಳಾಗಿ ಹೋದವು. ಮೈ ಬೆಳ್ಳಗೆ ಮಾಡುವ ಕ್ರೀಮು 2020ರಲ್ಲಿ ತನ್ನ ಹೆಸರನ್ನಷ್ಟೇ ಬದಲಿಸಿತು, ಅಂಗಡಿಯಿಂದ ಹೋಗಲಿಲ್ಲ. ಆ ತಿಳಿಗುಲಾಬಿಗೆ ಕಂದುಬಣ್ಣವನ್ನೋ ಕುಂಕುಮಗೆಂಪನ್ನೋ ಬೆರೆಸಿ ನೋಡಿರಿ. ಮುಖಕ್ಕೆ ಹೊಂದುವಂತೆ ಬಣ್ಣ ಬಗ್ಗಲಿ. ಮುಂದೆಂದಾದರೂ ಕೊಳ್ಳುವ ಪ್ರಸಂಗ ಬಂದರೆ ಮುಂಗೈಗೆ ಹಚ್ಚಿ ನೋಡಿ ಮೋಸ ಹೋಗಬೇಡಿ, ಬೆರಳ ತುದಿಯ ಒಳಬದಿ ತುಟಿಯ ಬಣ್ಣಕ್ಕೆ ಹೆಚ್ಚು ಹತ್ತಿರ.

ಮಿಕ್ಕವನ್ನು ಕೊಡಬಹುದೇ? ಹೊದಿಕೆ ಹರಿಯದ್ದನ್ನು ಧಾರಾಳವಾಗಿ ಕೊಡಿರಿ. ಬಳಸಿದ್ದನ್ನು ಹಾಗೆಯೇ ಕೈ ಬದಲಿಸುವುದು ಸರಿಯಲ್ಲ. ತುಟಿಯಂಚಿನಲ್ಲಿ ಏಳುವ ಜ್ವರಗುಳ್ಳೆ ಒಬ್ಬರಿಂದೊಬ್ಬರಿಗೆ ಅಂಟುವ ರೋಗ. ಶಾಲೆಯ ಗ್ಯಾದರಿಂಗಿನ ದಿನ ನಾವೇ ಒಂದು ಲಿಪ್‌ಸ್ಟಿಕ್ಕನ್ನು ಮೂವತ್ತು ಮಕ್ಕಳ ತುಟಿಗೆ ಸಾಲಾಗಿ ತಿಕ್ಕಿದ್ದುಂಟು! ಇಂದು ನೆನೆದರೆ ಮೈ ನಡುಗುತ್ತದೆ. ಮೇಲಿನ ಪದರವನ್ನು ಕೆತ್ತಿ ತೆಗೆದು, ಒಳಗಿನದನ್ನು ಚಮಚದಿಂದ ತಟ್ಟೆಗೆ ಇಳಿಸಿ, ಒಬ್ಬೊಬ್ಬರಿಗೆ ಒಂದೊಂದು ಹತ್ತಿಸುತ್ತಿದ ಕಡ್ಡಿ ಹಿಡಿದು ಹಚ್ಚಿದರೆ ಹೆದರಿಕೆ ದೂರ. ನಾಟಕದ ಬಣ್ಣದ ಮನೆಯಲ್ಲೂ ಹೀಗೆಯೇ ಆಗಲಿ. ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ರಂಗಭೂಮಿಗೆ ಹೆಸರಾದ ಊರುಗಳು ನಮ್ಮಲ್ಲಿವೆ. ಪ್ರತಿ ಜಾತ್ರೆಗೆ ಒಂದು ನಾಟಕ ಕಟ್ಟುವ ಹಳ್ಳಿಗಳಿಗಂತೂ ಲೆಕ್ಕವಿಲ್ಲ. ಅಲ್ಲಿ ಗಂಡು ಹುಡುಗರೂ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾರೆ, ಊರೇ ಕುಳಿತು ಚಪ್ಪಾಳೆ ತಟ್ಟುತ್ತದೆ. ಮಾರನೆಯ ದಿನ ಅದೇ ಬಣ್ಣ ಅವನ ಅಕ್ಕನ ತುಟಿಯ ಮೇಲೆ ಕಂಡರೆ ಊರಿನ ಮಾನ ಹೋಗುತ್ತದೆ!

ಖಾಲಿ ಕೊಳವೆಯನ್ನು ತಿಪ್ಪೆಗೆ ಎಸೆಯಬೇಡಿ. ಗೊಬ್ಬರದೊಡನೆ ಹೊಲ ಸೇರುತ್ತದೆ.

ಜಾತ್ರೆಯಲ್ಲಿ 20 ರೂಪಾಯಿಗೆ, 30 ರೂಪಾಯಿಗೆ ಮಾರುವ ದೊಡ್ಡ ಹೆಸರಿನ ನಕಲಿಗಳ ಬಗ್ಗೆ ಒಂದು ಮಾತು. ತಯಾರಕನ ವಿಳಾಸ, ಲಾಟಿನ ನಂಬರು, ಪರವಾನಿಗೆ ನಂಬರು, ಬಳಕೆಯ ಗಡುವು ಇವು ಅಚ್ಚಾಗಿರಬೇಕೆಂದು ಕಾನೂನಿದೆ. ಇಲ್ಲದ್ದನ್ನು ಮುಟ್ಟಬೇಡಿ. ಅಚ್ಚಾದದ್ದೆಲ್ಲ ಚೊಕ್ಕವೆಂದೂ ತಿಳಿಯಬೇಡಿ. 2014ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 30 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಅರ್ಧದಷ್ಟರಲ್ಲಿ ಕ್ರೋಮಿಯಂ ಸಿಕ್ಕಿತು, ಹಲವಲ್ಲಿ ನಿಕಲ್ಲೂ ಸಿಕ್ಕಿತು. ನಮ್ಮ ನಾಲ್ಕು ತಾಲೂಕುಗಳ ಅಂಗಡಿಗಳಿಂದ ಮಾದರಿ ಎತ್ತಿ ಪರೀಕ್ಷೆಗೆ ಕಳಿಸುವ ಅಧಿಕಾರವುಳ್ಳವರು ಜಿಲ್ಲೆಯಲ್ಲಿದ್ದಾರೆ. ಅವರು ಬಳೆ ಅಂಗಡಿಯ ಮೆಟ್ಟಲು ಹತ್ತಲಿ. ಆ ಅಕ್ಷರಗಳನ್ನು ಓದಲು ಬೂದುಗಾಜು ಬೇಕಾಗುತ್ತದೆ, ಓದಿದರೂ ಇಂಗ್ಲಿಷು. ಕೊಳ್ಳುವವಳಿಗೆ ತಿಳಿಯುವ ಕನ್ನಡದಲ್ಲಿ ಗಡುವಿನ ತಾರೀಖನ್ನಾದರೂ ಅಚ್ಚು ಮಾಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ.

ಅತ್ತೆಯಂದಿರಿಗೂ ಒಂದು ವಿನಂತಿ. ಸೊಸೆಯ ಡಬ್ಬಿಯಲ್ಲಿ ಆರು ಇದ್ದರೆ ಅದರಲ್ಲೊಂದನ್ನು ಆಕೆ ಈ ಪಂಚಮಿಗೆ ಹಚ್ಚಿಕೊಂಡು ಜೋಕಾಲಿ ಆಡಲಿ. ದುಡ್ಡು ಹೋಗಿಯಾಗಿದೆ. ನೀವು ಕಣ್ಣು ಬಿಟ್ಟರೆ ತಿರುಗಿ ಬರುವುದಿಲ್ಲ.

ನಮ್ಮ ಹನ್ನೊಂದರಲ್ಲಿ ಎರಡು ಕಮಟು ಹಿಡಿದು ಹೋದವು. ಹೊದಿಕೆ ಹರಿಯದ ಎರಡರಲ್ಲಿ ಒಂದಕ್ಕೆ ಗಡುವು ಮೀರಿತ್ತು. ಇನ್ನೊಂದನ್ನು ಕೂಲಿಯ ಆ ಹೆಣ್ಣುಮಗಳ ತಂಗಿಯ ಲಗ್ನಕ್ಕೆ ಕೊಟ್ಟೆವು. ಮೂರು ಕೂಡಿ ಒಂದು ಭರಣಿಯಾಯಿತು. ಮಿಕ್ಕವು ನೀರಿನ ಹರವಿಯ ಬದಿಗಿವೆ. ಕಳೆದ ವಾರ ಹಿರೇಕೆರೂರಿನ ಸಭೆಗೆ ಭರಣಿಯ ಬಣ್ಣ ಹಚ್ಚಿಕೊಂಡೇ ಹೋದೆವು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಭಾಷಣ ಮುಗಿಯುವವರೆಗೂ ನಮ್ಮ ತುಟಿಯನ್ನೇ ನೋಡುತ್ತಿದ್ದರು. ಸಭೆ ಎದ್ದ ಮೇಲೆ ಹೆಂಗಸರ ಕಡೆಯಿಂದ ಇಬ್ಬರು ಹತ್ತಿರ ಬಂದು, "ಅಕ್ಕೋರ, ವ್ಯಾಸಲೀನು ಎಷ್ಟು ಹಾಕಬೇಕಂದ್ರಿ?" ಎಂದು ಕೇಳಿದರು.